ಇಪ್ಪತ್ತಮೂರು ಸಂಜೆಗಳು

ಅವ್ವನ ಮಾತ್ರೆಯ ಡಬ್ಬಿ ತುಂಬಿಸುವಾಗ ಬರುವ ವಾಸನೆ ಇವತ್ತಿಗೂ ನನ್ನನ್ನು ಭೀಮರಾಯನಗುಡಿ ಕ್ಯಾಂಪಿನ ಸಣ್ಣ ದವಾಖಾನೆಗೆ ಒಯ್ಯುತ್ತದೆ.

ಆಗ ಅಪ್ಪ ಕಾಲುವೆ ಕೆಲಸಕ್ಕೆ ಹುಣಸಗಿ ಕಡೆ ಹೋಗಿದ್ದ. ಅವ್ವನಿಗೆ ದಿನಾ ಸಂಜೆ ಜ್ವರ ಬರುತ್ತಿತ್ತು. ಬೆಳಿಗ್ಗೆ ಡಾಕ್ಟರು ಮುಟ್ಟಿದಾಗ ಮೈ ತಣ್ಣಗಿರುತ್ತಿತ್ತು. ಹೀಗಾಗಿ ಅವರು ಕೆಮ್ಮಿನ ಔಷಧವನ್ನಷ್ಟೇ ಕೊಟ್ಟು ಕಳಿಸುತ್ತಿದ್ದರು.

ಅಂದೂ ಆಯಿ, ಅಪ್ಪನ ತಾಯಿ, “ಮತ್ತ ನಿನ್ನಿಯಿಂದ ಸ್ವಲ್ಪ ಕೆಮ್ಮ ಅದರಿ ಸಾಹೇಬ್ರ, ಔಷಧ ಕೊಡ್ರಿ ಸಾಕು” ಎಂದಳು. ದೊಡ್ಡ ದವಾಖಾನೆಗೆ ಚೀಟಿ ಬರೆದರೆ ಡಾಕ್ಟರು ಆಸೆ ಬಿಟ್ಟರೆಂದೇ ಅವಳು ತಿಳಿದಿದ್ದಳು.

ನಾನು ನನ್ನ ಶಾಲೆಯ ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟೆ. ಜ್ವರ ಬಂದ ಪ್ರತಿ ಸಂಜೆಗೂ ತಾರೀಖು ಬರೆದು ಒಂದೊಂದು ಗೆರೆ ಎಳೆದಿದ್ದೆ. ಡಾಕ್ಟರು ಬೆರಳಿಟ್ಟು ಎಣಿಸಿದರು.

“ಇಪ್ಪತ್ತಮೂರು ಸಂಜಿ ಜ್ವರ ಬಂದಾವ, ನಿನ್ನಿಯಿಂದ ಅಂತೀಯಲ್ಲ ಯವ್ವಾ! ಇದು ನನ್ನ ಕೈಲೆ ಆಗೂದಲ್ಲ. ಕಲಬುರ್ಗಿಗೆ ಕಳಸ್ತೇನಿ.”

“ಚೀಟಿ ಬ್ಯಾಡ್ರಿ ಯಪ್ಪಾ!” ಆಯಿ ಕೈಮುಗಿದಳು.

“ಉಳೀತಾಳಂತನ ಬರ್ಯಾಕತ್ತೇನಿ” ಎಂದರು ಡಾಕ್ಟರು, ತಲೆ ಎತ್ತದೆ.

ಮಧ್ಯಾಹ್ನದ ಬಸ್ಸಿಗೆ ಸೋದರಮಾವ ಬಂದು ಅವ್ವನನ್ನು ಕರೆದೊಯ್ದ. ಅವ್ವ ಕಿಟಕಿಯಿಂದ ನನ್ನನ್ನು ನೋಡಿದಳು.

ಮನೆಗೆ ಬಂದ ಮೇಲೆ ಆಯಿ, “ನೀ ಬರೀದಿದ್ರ ಆಕಿ ಮನ್ಯಾಗ ಇರ್ತಿದ್ಲು” ಎಂದಳು. ಆಮೇಲೆ ಗೋಡೆ ಕಡೆ ಹೊರಳಿ ಮಲಗಿದಳು.

ಸಂಜೆ ಜ್ವರ ನೋಡುವ ಹೊತ್ತಾಯಿತು. ಹಾಸಿಗೆ ಖಾಲಿ ಇತ್ತು. ಅದರ ಅಂಚಿಗೆ ಕೂತು ನನ್ನ ಹಣೆಯ ಮೇಲೇ ಕೈಯಿಟ್ಟುಕೊಂಡೆ. ತಣ್ಣಗಿತ್ತು.