ಕಷ್ಟವಿಲ್ಲದ ಮನೆ

ಫ್ರಿಜ್ಜು ಹೊಸ್ತಿಲು ದಾಟಿ ಪಕ್ಕದ ಮನೆ ಸೇರುವ ತನಕ ಸಿದ್ದವ್ವನಿಗೆ ಸಮಾಧಾನವಿರಲಿಲ್ಲ. ಅದರ ಹಿಂದೆ ಸೋಫಾ ಹೋಯಿತು, ವಾಷಿಂಗ್ ಮಷೀನು ಹೋಯಿತು. ಪೂಜೆಯ ಮಾಲೆ ಇನ್ನೂ ಬಾಡದ ಹೊಸ ಟ್ರ್ಯಾಕ್ಟರು ನೆರೆಮನೆ ಹುಚ್ಚಪ್ಪನ ಕೊಟ್ಟಿಗೆಯಲ್ಲಿ ತಾಡಪತ್ರಿ ಹೊದ್ದು ನಿಂತಿತು. ತಿಳವಳ್ಳಿಯಲ್ಲಿ ಉಂಡುಟ್ಟು ಸುಖವಾಗಿದ್ದ ತಮ್ಮ ಮಹಾಲಿಂಗಪ್ಪನ ಮನೆಯನ್ನು ಸಿದ್ದವ್ವ ಮಧ್ಯಾಹ್ನದೊಳಗೆ ಬಡವರ ಮನೆ ಮಾಡಿಟ್ಟಳು. ಹಾಡಿನ ಸ್ಪರ್ಧೆಯ ಟಿವಿಯವರು ಶೂಟಿಂಗಿಗೆ ಬರುವವರಿದ್ದರು.

ಮಹಾಲಿಂಗಪ್ಪನ ಮಗಳು ಸುಧಾರಾಣಿ ಹುಬ್ಬಳ್ಳಿಯ ಆಡಿಷನ್ನಿನಲ್ಲಿ ಪಾಸಾಗಿದ್ದಳು. ಇನ್ನು ಮನೆಯವರದೊಂದು ವಿಡಿಯೋ ತೆಗೆದು, ಅದನ್ನು ನೋಡಿ ಯಾರನ್ನು ವೇದಿಕೆಗೆ ಕರೆಯಬೇಕೆಂದು ತೀರ್ಮಾನಿಸುತ್ತಾರಂತೆ. ಒಮ್ಮೆಯಾದರೂ ಅಲ್ಲಿ ನಿಂತು ಹಾಡಬೇಕೆಂಬ ಆಸೆ ಹುಡುಗಿಯದು. ಆದರೆ ಆಸೆಯಿದ್ದರೆ ಸಾಕೇ? ಈ ವಿಷಯದಲ್ಲಿ ಊರಿಗೆಲ್ಲ ಪಂಡಿತಳು ಸಿದ್ದವ್ವ. ಹಾಡುವುದು, ಕುಣಿಯುವುದು, ಅಡಿಗೆ ಮಾಡುವುದು, ಒಂದೇ ಮನೆಯಲ್ಲಿ ಕೂಡಿಹಾಕಿ ಜಗಳ ಹಚ್ಚುವುದು, ಯಾವ ಸ್ಪರ್ಧೆಯನ್ನೂ ನೋಡದೆ ಬಿಟ್ಟವಳಲ್ಲ. ಚಷ್ಮಾ ತೆಗೆದ ಜಡ್ಜು ಮಾರ್ಕ್ಸು ಕೊಟ್ಟೇ ಕೊಡುತ್ತಾನೆ ಎನ್ನುತ್ತಿದ್ದಳು. ‘ಗೆಲ್ಲೋಕಲ್ಲ, ಕಲಿಯೋಕೆ ಬಂದಿದೀನಿ’ ಅಂದವರು ಮುಂದಿನ ವಾರ ಗಂಟುಮೂಟೆ ಕಟ್ಟುತ್ತಾರೆ ಎನ್ನುತ್ತಿದ್ದಳು. ಹೇಳಿದ್ದು ಸುಳ್ಳಾದರೆ, ಟಿವಿಯವರೇ ಮೋಸ ಮಾಡಿದರು ಅನ್ನುತ್ತಿದ್ದಳು. ಎಲ್ಲಕ್ಕಿಂತ ದೊಡ್ಡ ಮಾತೆಂದರೆ, ಕಣ್ಣೀರಿಲ್ಲದ ಮನೆಯವರು ಇಲ್ಲಿಯವರೆಗೆ ಗೆದ್ದದ್ದನ್ನು ಆಕೆ ಕಂಡಿಲ್ಲ.

“ನಮಗೇನ ಕಷ್ಟ ಐತಿ ಅತ್ತಿ? ಏನಂತ ಹೇಳ್ಲಿ?” ಎಂದಳು ಸುಧಾರಾಣಿ.

“ಅದ ನೋಡವಾ ನಮ್ಮ ಕಷ್ಟ. ನಿಮ್ಮಪ್ಪ ಒಂದ ಸಲನಾರ ಲುಕ್ಸಾನ ಮಾಡ್ಕೊಂಡಿದ್ರ ಇವತ್ತ ಈ ಪಾಡ ಬರ್ತಿತ್ತೇನು?”

ಹುಡುಗಿಯ ತಾಯಿಯನ್ನು ಒಂದು ದಿನದ ಮಟ್ಟಿಗೆ ತವರಿಗೆ ಕಳಿಸಿ, ತಾಯಿಯಿಲ್ಲದ ಕೂಸು ಅಂದುಬಿಡೋಣ ಎಂಬ ಸಲಹೆಯೂ ಬಂತು. ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಒಮ್ಮೆಲೇ ಜೋರಾದದ್ದರಿಂದ ಆ ಮಾತು ಅಲ್ಲಿಗೇ ನಿಂತಿತು.

ಟಿವಿಯವರು ಬಂದರು. ಮಹಾಲಿಂಗಪ್ಪನನ್ನು ಹರಿದ ಬನಿಯನ್ನಿನಲ್ಲಿ ಕಟ್ಟೆಯ ಮೇಲೆ ಕೂರಿಸಿ, ಮೈಕು ಸಿಕ್ಕಿಸಿ, ಬೆಂಗಳೂರಿನ ಹುಡುಗಿಯೊಬ್ಬಳು ನಿಮ್ಮ ಜೀವನದ ನೋವೇನು ಎಂದು ಕೇಳಿದಳು. ಸಿದ್ದವ್ವ ಬೆಳಗಿನಿಂದ ಉರು ಹೊಡೆಸಿದ್ದ ಮಾತನ್ನು ಅವನು ಶುರುಮಾಡಿದ: “ಮಗಳ ಹಾಡಿನ ಸಲುವಾಗಿ ಒಪ್ಪೊತ್ತ ಉಂಡು ದಿನಾ ಕಳದೇನ್ರಿ...” ಬನಿಯನ್ನಿನ ತೂತಿನಿಂದ ದುಂಡಗೆ ಇಣುಕುತ್ತಿದ್ದ ಹೊಟ್ಟೆ ಆ ಮಾತನ್ನು ಒಪ್ಪುವಂತಿರಲಿಲ್ಲ. ಪಕ್ಕದಲ್ಲಿ ಕೂತ ಸುಧಾರಾಣಿಗೆ ನಗು ತಡೆಯದಾಯಿತು. ದುಪಟ್ಟಾವನ್ನು ಮುಖಕ್ಕೆ ಒತ್ತಿಕೊಂಡಳು. ಭುಜಗಳು ಕುಲುಕುಲು ಕುಲುಕಿದವು.

ಅಷ್ಟರಲ್ಲಿ ಡುರ್ರೆಂದು ಸದ್ದು. ಹುಚ್ಚಪ್ಪನಿಗೆ ಟ್ರ್ಯಾಕ್ಟರನ್ನು ಮುಚ್ಚಿಡಲು ಹೇಳಿದ್ದರೇ ಹೊರತು ಸುಮ್ಮನಿರಲು ಯಾರೂ ಹೇಳಿರಲಿಲ್ಲ. ಡೀಸೆಲ್ ತುಂಬಿದ ಟ್ರ್ಯಾಕ್ಟರು ತಾನಾಗಿಯೇ ಮನೆಗೆ ಬಂದಿರುವಾಗ ತನ್ನ ಹೊಲವನ್ನಾದರೂ ಹೊಡೆದುಕೊಳ್ಳೋಣವೆಂದು, ತಲೆಗೆ ಚೌಕಳಿ ಟವೆಲ್ಲು ಸುತ್ತಿ, ಕ್ಯಾಮೆರಾದ ಮುಂದೆಯೇ ಹಾಯ್ದು ಹೊರಟಿದ್ದ. ಮಹಾಲಿಂಗಪ್ಪನಿಗೆ ಒಪ್ಪೊತ್ತು ಮರೆಯಿತು, ನೋವು ಮರೆಯಿತು. “ಏ, ಅದು ನಂದೈತಿ! ನಿಂದರ್ಸೋ!” ಎಂದು ಮೈಕು ಕಿತ್ತೊಗೆದು ಬರಿಗಾಲಲ್ಲಿ ಓಡಿದ. ಓಡುತ್ತ ಮುಗ್ಗರಿಸಿ ಬಿದ್ದ. ಹೊಸ ಟ್ರ್ಯಾಕ್ಟರಿಗೆ ಗೀರು ಬಿದ್ದೀತೆಂಬ ಸಂಕಟಕ್ಕೆ ಅವನ ಕಣ್ಣಲ್ಲಿ ನಿಜವಾದ ನೀರು ಬಂತು.

ಟಿವಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಚಹಾ ಕುಡಿದು ಹೋದರು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತೆಂದು ಸಿದ್ದವ್ವ ಹಣೆ ಹಣೆ ಬಡಿದುಕೊಂಡಳು. ತಾನು ಸುಮ್ಮನಿದ್ದಿದ್ದರೆ ಹುಡುಗಿ ತನ್ನ ದನಿಯಿಂದಲೇ ಹೋಗುತ್ತಿದ್ದಳೇನೋ ಎಂದು ಮೊದಲ ಸಲ ಆಕೆಗೆ ಅನ್ನಿಸಿತು. ಕೋಣೆಯೊಳಗೆ ಸುಧಾರಾಣಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಅದನ್ನು ತೆಗೆಯಲು ಕ್ಯಾಮೆರಾ ಇರಲಿಲ್ಲ.

ವಾರ ಕಳೆಯುವುದರೊಳಗೆ ಫೋನು ಬಂತು. ಸುಧಾರಾಣಿ ವೇದಿಕೆಗೆ ಆಯ್ಕೆಯಾಗಿದ್ದಳು. ನಿಮ್ಮ ಮನೆಯ ವಿಡಿಯೋ ನೋಡಿ ಇಲ್ಲಿ ಎಲ್ಲರೂ ಅತ್ತುಬಿಟ್ಟೆವು ಎಂದಳು ಆ ಬೆಂಗಳೂರಿನ ಹುಡುಗಿ. ಸಿದ್ದವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ನಾ ಹೇಳಿರಲಿಲ್ಲವೇ ಎಂದು ಸಕ್ಕರೆ ಇಸಿದುಕೊಂಡವರನ್ನೆಲ್ಲ ಕೇಳಿದಳು.

ಶನಿವಾರ ಸಂಜೆ ಟಿವಿಯಲ್ಲಿ ಅದು ಬರುವ ಹೊತ್ತಿಗೆ ಮರಳಿ ಬಂದ ಸೋಫಾದ ಮೇಲೆ, ನೆಲದ ಮೇಲೆ, ಬಾಗಿಲ ತನಕ ಜನ. ಹುಚ್ಚಪ್ಪ ಮುಂದಿನ ಸಾಲಿನಲ್ಲೇ ಕೂತು ಫ್ರಿಜ್ಜಿನ ತಣ್ಣನೆ ಮಜ್ಜಿಗೆ ಕುಡಿಯುತ್ತಿದ್ದ. ಕೊಳಲು ಶುರುವಾಯಿತು. ಹರಿದ ಬನಿಯನ್ನಿನ ತಂದೆ. ದುಪಟ್ಟಾದಲ್ಲಿ ಮುಖ ಮುಚ್ಚಿ ಭುಜ ಕುಲುಕಿಸುವ ಮಗಳು. ನಿಧಾನವಾಗಿ, ಬಹಳ ನಿಧಾನವಾಗಿ, ಯಾರೋ ಟ್ರ್ಯಾಕ್ಟರು ಹೊಡೆದುಕೊಂಡು ಹೋಗುತ್ತಿದ್ದಾನೆ, ಕಾಣುವುದು ಬೆನ್ನು ಮತ್ತು ಚೌಕಳಿ ಟವೆಲ್ಲು ಮಾತ್ರ. ಹಿಂದೆ ಓಡುವ ಬರಿಗಾಲು. ‘ಅದು ನಂದೈತಿ... ನಂದೈತಿ... ನಂದೈತಿ...’

ಇಷ್ಟೆಲ್ಲ ಮಾಡಿಸಿದ ಸಿದ್ದವ್ವನೇ ಸೆರಗಿನಲ್ಲಿ ಮೂಗೊರೆಸಿಕೊಂಡಳು. ಮಹಾಲಿಂಗಪ್ಪನಿಗೂ ತನ್ನ ಬಗ್ಗೆ ಪಾಪ ಅನ್ನಿಸಿತು. ಸುಧಾರಾಣಿ ಮಾತ್ರ ಮತ್ತೆ ದುಪಟ್ಟಾವನ್ನು ಮುಖಕ್ಕೆ ಒತ್ತಿಕೊಂಡಳು. ಭುಜಗಳು ಮತ್ತೆ ಕುಲುಕತೊಡಗಿದವು.

ಅದನ್ನು ಕಂಡು ಹುಚ್ಚಪ್ಪನ ಕರುಳು ಚುರ್ರೆಂದಿತು. ಮಜ್ಜಿಗೆ ಲೋಟ ಕೆಳಗಿಟ್ಟ.

“ಅಳಬ್ಯಾಡ ತಂಗಿ,” ಎಂದ. “ಆ ಟ್ರ್ಯಾಕ್ಟರ ಒಯ್ದಾಂವಗ ದೇವರ ಒಳ್ಳೇದ ಮಾಡಂಗಿಲ್ಲ.”

ಮತ್ತು ತಲೆಯ ಚೌಕಳಿ ಟವೆಲ್ಲು ಬಿಚ್ಚಿ ಕಣ್ಣೊರೆಸಿಕೊಂಡ.