ಅಳಿಸಬಾರದ ಫೈಲು

ಖಾರದಪುಡಿ ಕಂಪನಿಯ ಮಾಲೀಕರಿಗೆ ನೌಕರರ ಮೇಲಿರಲಿ, ಸ್ವಂತ ಅಳಿಯನ ಮೇಲೂ ನಂಬಿಕೆಯಿರಲಿಲ್ಲ. ಹಾಗಾಗಿ ಕಂಪನಿಯ ಫೈಲುಗಳನ್ನೆಲ್ಲ ಕ್ಲೌಡಿನಲ್ಲಿ ಇಡಿಸಿದರು.

"ಯಾರು ಹೇಳಿದರೂ ಒಂದಕ್ಷರ ಅಳಿಸಕೂಡದು," ಎಂದು ಕ್ಲೌಡ್ ಕಂಪನಿಯ ಮ್ಯಾನೇಜರಮ್ಮನಿಗೆ ತಾಕೀತು ಮಾಡಿದರು.

"ನೀವೇ ಹೇಳಿದರೆ ಸಾರ್?"

"ನಾನ್ಯಾಕೆ ಹೇಳ್ತೀನಿ ಮೇಡಂ? ಹೇಳಿದೆ ಅಂದ್ರೆ ಯಾರೋ ನನ್ನ ಕುತ್ತಿಗೆಗೆ ಚಾಕು ಹಿಡಿದಿದಾರೆ ಅಂತ್ಲೇ ಲೆಕ್ಕ. ಸೀದಾ ಪೊಲೀಸರಿಗೆ ತಿಳಿಸಿ."

ಅದನ್ನೂ ಕರಾರಿನಲ್ಲಿ ಬರೆಸಿ ಸಹಿ ಹಾಕಿದರು.

ಆರು ತಿಂಗಳ ಮೇಲೆ ಆಹಾರ ಇಲಾಖೆಯ ಅಧಿಕಾರಿಗಳು ಫ್ಯಾಕ್ಟರಿಗೆ ನುಗ್ಗಿದರು. ಮಾಲೀಕರು ಕಕ್ಕಸಿಗೆ ಹೋಗಿ ಚಿಲಕ ಹಾಕಿಕೊಂಡು ಫೋನ್ ಮಾಡಿದರು.

"ಮೇಡಂ, 'ಇಟ್ಟಿಗೆ ಪುಡಿ' ಅಂತ ಒಂದು ಫೈಲಿದೆ. ಈಗಲೇ ಅಳಿಸಿ!"

"ಯಾಕೆ ಸಾರ್ ಪಿಸುಗುಡ್ತಿದೀರಿ? ಹತ್ತಿರ ಯಾರಾದ್ರೂ ಇದಾರಾ?"

"ಹೊರಗೆ ನಾಲ್ಕು ಜನ ನಿಂತಿದಾರೆ. ನಿಮ್ಮ ಕಾಲಿಗೆ ಬೀಳ್ತೀನಿ, ಬೇಗ!"

ಆ ಕಡೆಯಿಂದ ಪಟಪಟ ಟೈಪು ಮಾಡುವ ಸದ್ದು ಕೇಳಿಸಿತು. ಮಾಲೀಕರಿಗೆ ಹೋದ ಜೀವ ಬಂದಂತಾಯಿತು.

"ಹೆದರಬೇಡಿ ಸಾರ್, ಪೊಲೀಸರು ಹೊರಟಿದಾರೆ. ಸಾಕ್ಷಿಗಿರಲಿ ಅಂತ ಆ ಫೈಲಿನ ಒಂದು ಪ್ರತೀನೂ ಅವರಿಗೆ ಕಳಿಸಿದೀನಿ."