ಹಿಂದಿನ ಗಾಜಿನಲ್ಲಿ ಎರಡಕ್ಷರದ ಜಾಗ

ಸ್ವಲ್ಪ ನಿಲ್ಲಿ, ಇದೊಂದನ್ನು ಕೇಳಿ, ಆಮೇಲೆ ಬೇಕಾದರೆ ಬಸ್ಸು ಹಿಡಿಯಿರಿ. ಎಪ್ಪತ್ತೆಂಟನೆಯ ಇಸವಿಯ ಸಂಗತಿ. ಬಿ.ಸಿ.ರೋಡಿನಲ್ಲಿ ಪೇಂಟರ್ ಮೊಯಿದಿನಬ್ಬನ ಅಂಗಡಿಯೆದುರು, ಬೆಳ್ತಂಗಡಿಗೆ ಜನರನ್ನು ಕೂರಿಸಿಕೊಂಡು ಓಡುವ ರಮಾನಾಥನ ಸರ್ವಿಸ್ ಕಾರು ನಿಂತಿತ್ತು. ಮುಂದಿನ ಸೀಟಿನಲ್ಲಿ ಅವನ ಹೆಂಡತಿ ಶಂಕರಿ, ಮಡಿಲಲ್ಲಿ ಹದಿನೈದು ದಿನದ ಹೆಣ್ಣುಮಗು. ಮೂಡಬಿದ್ರಿಯ ತವರಿನಿಂದ ಕನ್ಯಾನದ ಗಂಡನ ಮನೆಗೆ ಹೊರಟಿದ್ದಳು. ಮರುದಿನ ಮಗುವನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ಶಾಸ್ತ್ರ. ಅದಕ್ಕೆ ಮೊದಲೇ ಆ ಹೆಸರು ಕಾರಿನ ಮೇಲೆ ಬರಬೇಕು, ನೆಂಟರೆಲ್ಲ ನೋಡಬೇಕು. ಇದು ರಮಾನಾಥನ ಹಟ.

ಕಾರು, ಜೀಪು ಇಟ್ಟವರೆಲ್ಲ ಮಕ್ಕಳ ಹೆಸರನ್ನು ಹಿಂದಿನ ಗಾಜಿನ ಮೇಲ್ತುದಿಯಲ್ಲಿ ಬರೆಸುತ್ತಿದ್ದ ಕಾಲ ಅದು. ರಮಾನಾಥನದ್ದರಲ್ಲೂ ಎರಡು ಹೆಸರಿತ್ತು. ಎಡಕ್ಕೆ ಕೇಶವಪ್ರಸಾದ, ಬಲಕ್ಕೆ ಮಹೇಶ್ವರ, ನಡುವೆ ಮೊಯಿದಿನಬ್ಬನ ಕೈಯ ಕೆಂಪು ತಾವರೆ.

ಮೊಯಿದಿನಬ್ಬ ಗೇಣು ಹಾಕಿ ಅಳೆದ. "ಎರಡಕ್ಷರಕ್ಕೆ ಜಾಗ ಉಂಟು ರಮಾನಾಥಣ್ಣ. ಅದೂ ತಾವರೆ ಕೆರೆದು ತೆಗೆದ್ರೆ."

"ಎರಡೇ? ಆಗಲೇ ಸ್ವಲ್ಪ ಜಾಗ ಬಿಡ್ಬಾರ್ದಿತ್ತಾ ಮಾರಾಯ್ರೆ?"

"ಆ ವರ್ಷ ಪೂರಾ ನಾನು ಊರೂರಿನ ಗೋಡೆಗೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ ಬಿಡಿಸಿದ್ದು. ಎರಡು ಮಕ್ಕಳು ಸಾಕು ಅಂತ ಬರೆದು ಬರೆದು ಕೈ ಸೋತಿತ್ತು. ನೀವೂ ಓದಿದ್ದೀರಿ ಅಂತ ಗ್ರಹಿಸಿದೆ."

"ಕೆಳಗಿನ ಸಾಲಿಗೆ ಬರೆದ್ರೆ?"

"ಬರೀತೇನೆ. ಹಿಂದಿನ ಲಾರಿ ನಿಮಗೆ ಕಾಣ್ಲಿಕ್ಕಿಲ್ಲ, ಅಷ್ಟೆ."

ರಮಾನಾಥ ಗಲ್ಲ ಕೆರೆದುಕೊಂಡ. "ಹಾಗಾದ್ರೆ ಉಮಾ ಅಂತ ಇಡುವ. ಅಣ್ಣಂದಿರದ್ದೂ ದೇವರ ಹೆಸರು, ಇದೂ ದೇವರ ಹೆಸರು. ಅದಕ್ಕೂ ಹೊಂದ್ತದೆ, ಜಾಗಕ್ಕೂ ಹೊಂದ್ತದೆ."

"ಹೆಣ್ಣಾದ್ರೆ ತ್ರಿಪುರಸುಂದರಿ ಅಂತ ನಾನು ಮೊದಲೇ ಹೇಳಿದ್ದೇನೆ," ಎಂದಳು ಒಳಗಿನಿಂದ ಶಂಕರಿ.

"ಆರಕ್ಷರ ಮಾರಾಯ್ತಿ!"

"ದೊಡ್ಡವನದ್ದೂ ಆರೇ. ಎಣಿಸಿ ನೋಡಿ."

"ಹುಡುಗಿಗೆ ಅಷ್ಟುದ್ದ ಯಾಕೆ? ಕರೀಲಿಕ್ಕೆ ಸುಲಭ ಬೇಡ್ವಾ?"

"ಕೇಶವಪ್ರಸಾದನನ್ನು ಆರು ವರ್ಷದಿಂದ ಕರೀತಾ ಇದ್ದೇನೆ. ನನ್ನ ಬಾಯಿ ಒಮ್ಮೆಯೂ ನೋಯ್ಲಿಲ್ಲ." ಶಂಕರಿ ಬಾಗಿಲು ತೆರೆದು ಇಳಿದೇಬಿಟ್ಟಳು. ಬಾಣಂತಿ, ತಲೆಗೆ ಕಟ್ಟಿದ ಬಟ್ಟೆ, ಎದೆಗವಚಿದ ಮಗು. ಪುತ್ತೂರಿನ ಬಸ್ಸಿಗೆ ಕಾದವರೆಲ್ಲ ಇತ್ತ ತಿರುಗಿದರು.

"ಗಾಳಿ ಸೋಕ್ತದೆ, ಒಳಗೆ ಕೂತ್ಕೋ!"

"ಸೋಕ್ಲಿ. ಅಣ್ಣಂದಿರ ಹೆಸರು ಬರೆದು ಉಳಿದ ಜಾಗ ನೋಡಿ ನನ್ನ ಮಗಳಿಗೆ ಹೆಸರಿಡುದಾ? ಅವರ ಸಾಲಿಗೆ ಸರಿಯಾಗಿ ನಿಲ್ಲುವ ಹೆಸರು ಇದು. ಹೆಸರು ಮೊದಲು. ಜಾಗ ಆಮೇಲೆ ಹುಡುಕಿ."

ಮೊಯಿದಿನಬ್ಬ ಬ್ರಷ್ಷು ಹಿಡಿದು ಕಾರಿಗೆ ಒಂದು ಸುತ್ತು ಬಂದ. ಎದುರಿನ ಗಾಜಿನ ಹತ್ತಿರ ನಿಂತ. ಮೇಲ್ತುದಿ ಈ ಕೊನೆಯಿಂದ ಆ ಕೊನೆಗೆ ಖಾಲಿ.

"ಇಲ್ಲಿ ಉಂಟಲ್ಲ ಜಾಗ."

"ಅದು ದೇವರಿಗೆ ಇಟ್ಟದ್ದು!"

"ಐದು ವರ್ಷ ಆಯ್ತು. ಯಾವ ದೇವರು ಅಂತ ನೀವೂ ನಿಮ್ಮ ಅಮ್ಮನೂ ಮಾತಾಡಿ ಇನ್ನೂ ಮುಗೀಲಿಲ್ಲ."

ರಮಾನಾಥ ದನಿ ತಗ್ಗಿಸಿದ. "ಹಾಗಲ್ಲ ಮೊಯಿದಿನಾಕ... ಹುಡುಗಿಯ ಹೆಸರು ಎದುರಲ್ಲಿ ಹಾಕಿದ್ರೆ ಸ್ಟ್ಯಾಂಡಿನವರು ನಗಾಡ್ತಾರೆ."

"ನಗಾಡ್ಲಿ," ಎಂದಳು ಶಂಕರಿ. "ನಗಾಡ್ಬೇಕಾದ್ರೆ ಮೊದಲು ಓದ್ಬೇಕಲ್ಲ."

ರಮಾನಾಥ ಹೆಂಡತಿಯ ಮುಖ ನೋಡಿದ, ಮಗುವಿನ ಮುಖ ನೋಡಿದ. ಸೀಟಿನಡಿಯಿಂದ ಬಟ್ಟೆ ಎಳೆದು ಎದುರಿನ ಗಾಜನ್ನು ತಾನೇ ಒರೆಸತೊಡಗಿದ. ದೂರಕ್ಕೆ ಕಾಣಬೇಕೆಂದು ಮೊಯಿದಿನಬ್ಬ ಅಕ್ಷರಗಳನ್ನು ಹಿಂದಿನದಕ್ಕಿಂತ ಒಂದೂವರೆ ಪಾಲು ದೊಡ್ಡದಾಗಿ ಬರೆದ. ಕೊನೆಗೆ, ಯಾರೂ ಕೇಳದಿದ್ದರೂ, ಎರಡೂ ತುದಿಗೆ ಒಂದೊಂದು ತಾವರೆ.

ಬಣ್ಣ ಪೂರ್ತಿ ಒಣಗುವ ಮೊದಲೇ ಕಾರು ಹೊರಟಿತು. ಒಳಗಿನಿಂದ ಅಕ್ಷರಗಳು ತಿರುವುಮುರುವಾಗಿ ಕಾಣುತ್ತಿದ್ದವು. ಶಂಕರಿ ಅದನ್ನೇ ಒಂದೊಂದಾಗಿ ಬೆರಳು ಮಾಡಿ ಮಗುವಿಗೆ ಓದಿ ಹೇಳಿದಳು. ವಿಟ್ಲದ ಪೇಟೆ ಬಂದಾಗ ರಮಾನಾಥ, ಅಡ್ಡ ಒಂದು ಕೋಳಿ ಕೂಡ ಇಲ್ಲದಿದ್ದರೂ, ಕಾರನ್ನು ನಡಿಗೆಯ ವೇಗಕ್ಕೆ ತಂದು ಹಾರ್ನು ಹಾಕಿದ.

ತಿಂಗಳೊಳಗೆ ಬೆಳ್ತಂಗಡಿಯಲ್ಲಿ ಕಾಯುವವರು ರಮಾನಾಥನ ಕಾರು ಎನ್ನುವುದನ್ನೇ ಬಿಟ್ಟರು. "ಓ, ತ್ರಿಪುರಸುಂದರಿ ಬಂತು, ಏಳಿ!" ಎನ್ನುತ್ತಿದ್ದರು. ಅದನ್ನು ಕೇಳಲೆಂದೇ ರಮಾನಾಥ ಗಾಜು ಇಳಿಸಿಕೊಂಡು ಬರುತ್ತಿದ್ದ.

ಒಂದು ಭಾನುವಾರ ಕೇಶವಪ್ರಸಾದ ಕಾರಿನ ಎದುರು ನಿಂತು ತಂಗಿಯ ಹೆಸರನ್ನು ಅಕ್ಷರ ಕೂಡಿಸಿ ಓದಿದ. ಹಿಂದೆ ಹೋಗಿ ತನ್ನದನ್ನು ಓದಿದ. ಮತ್ತೆ ಎದುರಿಗೆ ಬಂದ.

"ಅಪ್ಪ, ಇಲ್ಲಿ ಇಷ್ಟು ಜಾಗ ಇರುವಾಗ ನನ್ನನ್ನು ಯಾಕೆ ಹಿಂದೆ ಬರೆಸಿದ್ದು?"

ರಮಾನಾಥ ಒಮ್ಮೆ ಹೆಂಡತಿಯ ಕಡೆ ನೋಡಿದ. ಶಂಕರಿ ಮಗಳನ್ನು ಹೆಗಲಿಗೆ ಹಾಕಿಕೊಂಡು, ನಗು ತಡೆದು, ಉತ್ತರಕ್ಕೆ ಕಾಯುತ್ತ ನಿಂತಿದ್ದಳು. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?